ಕೇಳದೆ ಬರೆದ ಉತ್ತರ



ಸುಳ್ಳು ಹೇಳಬಾರದೆಂಬದು ಎಲ್ಲರೂ ಬಲ್ಲ ಮಾತು. ಅಂಗಡಿಯವನು ತೂಕದಲ್ಲಿ ಕಡಿಮೆ ಕೊಟ್ಟರೆ ನಾವು ಸುಮ್ಮನಿರುವದಿಲ್ಲ. ನ್ಯಾಯಾಲಯದಲ್ಲಿ ನಿಂತು ಕಾಣದ್ದನ್ನು ಕಂಡೆನೆಂದು ಹೇಳಿದವನನ್ನು ಊರೆಲ್ಲಾ ಹಳಿಯುತ್ತದೆ. ಆದರೆ ಸುಳ್ಳೆಂಬ ಹೆಸರು ಹೊರದೆ ಇರುವ ಕೆಲವು ಸುಳ್ಳುಗಳುಂಟು. ಅವು ನಮ್ಮ ಮನೆಗಳಲ್ಲಿಯೇ, ನಮ್ಮ ಮಕ್ಕಳು ಓದುವ ಮೇಜಿನ ಮೇಲೆಯೇ ಹುಟ್ಟುತ್ತವೆ; ನಾವೇ ಅವುಗಳಿಗೆ ದೀಪ ಹಿಡಿಯುತ್ತೇವೆ. ಅಂಥಾದ್ದೊಂದರ ವಿಷಯವಾಗಿ ಈ ತಿಂಗಳು ನಿಮ್ಮ ಸಂಗಡ ಮಾತಾಡಬೇಕೆಂದಿದ್ದೇವೆ. ಇತರರನ್ನು ದೂರುವದು ನಮ್ಮ ಉದ್ದೇಶವಲ್ಲ. ಈ ತಪ್ಪಿನಲ್ಲಿ ನಮ್ಮ ಕೈಯೂ ಇತ್ತು.

ಕಳೆದ ಚಳಿಗಾಲದ ಒಂದು ರಾತ್ರಿ ನೆರೆಮನೆಯ ಹುಡುಗಿಯು ಒಂದು ಕಟ್ಟು ಹಾಳೆಗಳನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಅವಳು ಪದವಿಪೂರ್ವ ಎರಡನೆಯ ವರುಷದಲ್ಲಿ ವಾಣಿಜ್ಯ ಕಲಿಯುವವಳು. ಒಂದು ವ್ಯಾಪಾರದ ವಿಷಯವನ್ನು ಆರಿಸಿ, ಜನರನ್ನು ಕೇಳಿ ತಿಳಿದು, ವರದಿ ಬರೆದೊಪ್ಪಿಸಬೇಕೆಂದು ಅವಳ ಅಧ್ಯಾಪಕರು ಹೇಳಿದ್ದರು. ಅವಳು ಆರಿಸಿಕೊಂಡ ವಿಷಯವು ಒಳ್ಳೇದು: ತನ್ನ ತಾಯಿ ಸೇರಿರುವ ಸ್ವಸಹಾಯ ಸಂಘದ ಹೆಂಗಸರು ಹಲಸಿನ ಹಪ್ಪಳ ಮಾಡಿ ಪೇಟೆಯಲ್ಲಿ ಮಾರಿದರೆ ಆ ವ್ಯಾಪಾರ ನಡೆದೀತೋ? ಇದಕ್ಕೆ ಐವತ್ತು ಮಂದಿಯಿಂದ ಪ್ರಶ್ನಾವಳಿ ತುಂಬಿಸಿ ತರಬೇಕಾಗಿತ್ತು. ಅವಳು ಪೇಟೆಗೆ ಹೋಗಿ ಹನ್ನೊಂದು ಮಂದಿಯನ್ನು ಕೇಳಿದ್ದಳು. ಅಷ್ಟರಲ್ಲಿ ಕೆಲವರು ಮುಖ ತಿರುಗಿಸಿದರು, ಒಬ್ಬ ಅಂಗಡಿಯವನು ಗದರಿದನು, ಬಿಸಿಲೇರಿತು, ಬಸ್ಸಿನ ಹೊತ್ತಾಯಿತು. ವರದಿಯನ್ನು ನಾಡಿದ್ದು ಒಪ್ಪಿಸಬೇಕು.

“ಮಾಮಾ, ನೀವೂ ಒಂದೆರಡು ತುಂಬಿಸಿ ಕೊಡಿ, ಎಲ್ಲಾ ಒಂದೇ ಕೈಬರಹವಾದರೆ ಗೊತ್ತಾಗುತ್ತದೆ” ಎಂದಳು.

ನಾವು ನಕ್ಕೆವು. ಒಂದನ್ನು ನಮ್ಮ ಹೆಸರಿನಲ್ಲಿ ತುಂಬಿಸಿದೆವು, ಅದರಲ್ಲಿ ತಪ್ಪಿಲ್ಲ. ಎರಡನೆಯದನ್ನು ಮುಂಬಯಿಯಲ್ಲಿ ಕೆಲಸಕ್ಕಿರುವ ನಮ್ಮ ತಮ್ಮನ ಹೆಸರಿನಲ್ಲಿ ತುಂಬಿಸಿ, ಹಲಸಿನ ಹಪ್ಪಳವು ಬಹಳ ಇಷ್ಟವೆಂದೂ ಸಿಕ್ಕಿದರೆ ತಿಂಗಳಿಗೆ ಎರಡು ಕಟ್ಟು ಕೊಳ್ಳುವೆನೆಂದೂ ಬರೆದೆವು. ಉಳಿದವುಗಳನ್ನು ಅವಳೂ ಅವಳ ಅಣ್ಣನೂ ಗೆಳತಿಯರಿಬ್ಬರೂ ನೀಲಿ ಶಾಯಿಯಲ್ಲಿ ಕೆಲವು, ಕಪ್ಪು ಶಾಯಿಯಲ್ಲಿ ಕೆಲವು ಎಂಬಂತೆ ಅದೇ ರಾತ್ರಿ ಮುಗಿಸಿದರು. ಹೀಗೆ ನಮ್ಮದನ್ನು ಸೇರಿಸಿ ಹನ್ನೆರಡು ಉತ್ತರಗಳು ನಿಜವಾದವು. ಮೂವತ್ತೆಂಟು ಯಾರನ್ನೂ ಕೇಳದೆ ಬರೆದವು. ಐವತ್ತರಲ್ಲಿ ನಾಲ್ವತ್ತಮೂರು ಮಂದಿ ಹಪ್ಪಳ ಕೊಳ್ಳಲು ಸಿದ್ಧರಿದ್ದಾರೆಂದು ವರದಿಯಲ್ಲಿ ಬಣ್ಣದ ಚಿತ್ರ ಸಹಿತ ಅಚ್ಚಾಯಿತು. ಒಳ್ಳೇ ಅಂಕಗಳೂ ಬಂದವು.

ಇಂಥಾ ಕೆಲಸವು ಒಬ್ಬ ಹುಡುಗಿಯದು ಮಾತ್ರವಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಹನ್ನೆರಡನೆಯ ತರಗತಿಯಲ್ಲಿ ವ್ಯವಹಾರ ಅಧ್ಯಯನವೆಂಬ ವಿಷಯದ ೧೦೦ ಅಂಕಗಳೊಳಗೆ ೨೦ ಅಂಕಗಳು ಯೋಜನಾ ಕಾರ್ಯಕ್ಕೇ ಮೀಸಲಾಗಿವೆ. ನಮ್ಮ ರಾಜ್ಯದ ಕಾಲೇಜುಗಳಲ್ಲಿಯೂ ಇಂಥಾ ಕೆಲಸಗಳನ್ನು ಕೊಡುತ್ತಾರೆ. ಹೀಗಿರುವಲ್ಲಿ ಪ್ರತಿ ವರುಷವೂ ಎಷ್ಟೋ ಮನೆಗಳ ಜಗಲಿಗಳಲ್ಲಿ ಇಂಥಾ ರಾತ್ರಿಗಳು ಕಳೆಯುತ್ತವೆ. ಈಗಂತೂ ಕೈಬರಹವನ್ನು ಬದಲಿಸುವ ಶ್ರಮವೂ ಬೇಡವಾಗಿದೆ. ಪ್ರಶ್ನೆಗಳನ್ನು ಮೊಬೈಲಿನಲ್ಲಿ ಕಳುಹಿಸಿ ಒಬ್ಬ ಗೆಳೆಯನೇ ಹತ್ತು ಸಾರಿ ಉತ್ತರಿಸಬಹುದು. ಅಥವಾ ಕೃತಕ ಬುದ್ಧಿಯ ಯಂತ್ರಕ್ಕೆ ಅಪ್ಪಣೆ ಕೊಟ್ಟರೆ ಅದು ಹುಟ್ಟದೆ ಇರುವ ಐವತ್ತು ಮಂದಿಯ ಉತ್ತರಗಳನ್ನು ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಆದಕಾರಣ ಇದು ಎಂಥಾ ತಪ್ಪು, ಎಷ್ಟು ದೊಡ್ಡದು, ಯಾರಿಗೆ ವಿರೋಧವಾದದ್ದು ಎಂಬದನ್ನು ನಾವು ವಿಚಾರಿಸಿ ನೋಡುವದು ಅಗತ್ಯ.

ಮೊದಲು ಶಬ್ದದ ಅರ್ಥವನ್ನು ತಿಳುಕೊಳ್ಳೋಣ. ಇನ್ನೊಬ್ಬರು ಬರೆದಿಟ್ಟ ಪುಸ್ತಕ, ಪತ್ರಿಕೆ, ಸರಕಾರದ ಲೆಕ್ಕ ಮುಂತಾದವುಗಳಿಂದ ತೆಗೆದುಕೊಂಡದ್ದನ್ನು ದ್ವಿತೀಯಕ ಮಾಹಿತಿ ಎನ್ನುತ್ತಾರೆ. ತಾನೇ ಹೋಗಿ, ಕಣ್ಣಾರೆ ಕಂಡು, ಬಾಯಾರೆ ಕೇಳಿ, ಎಣಿಸಿ ಅಳೆದು ತಂದದ್ದನ್ನು ಪ್ರಾಥಮಿಕ ಮಾಹಿತಿ ಎನ್ನುತ್ತಾರೆ. ಇವೆರಡರ ವ್ಯತ್ಯಾಸವು ಅಂಕಿಯಲ್ಲಿ ಇಲ್ಲ, ಹೇಳುವವನಲ್ಲಿ ಇದೆ. ಮೊದಲನೆಯದರಲ್ಲಿ “ಅವರು ಹೀಗೆ ಬರೆದಿದ್ದಾರೆ” ಎನ್ನುತ್ತೇವೆ. ಎರಡನೆಯದರಲ್ಲಿ “ನಾನು ಕೇಳಿದೆನು, ಅವರು ಹೀಗೆ ಹೇಳಿದರು” ಎನ್ನುತ್ತೇವೆ. ಅಂದರೆ ಪ್ರಾಥಮಿಕ ಮಾಹಿತಿಯನ್ನು ತರುವವನು ಸಾಕ್ಷಿಗಾರನು. ಅವನ ವರದಿಯ ಬೆಲೆಯೆಲ್ಲಾ “ನಾನು ಕೇಳಿದೆನು” ಎಂಬ ಒಂದು ಮಾತಿನ ಮೇಲೆ ನಿಂತದೆ.

ಹಾಗಾದರೆ ಒಬ್ಬನು ಹೀಗೆ ಕೇಳಾನು: “ಊರಿನವರ ಮನಸ್ಸು ನಮಗೆ ಗೊತ್ತೇ ಇದೆ. ಕೇಳಿದ್ದರೂ ಅವರು ಅದನ್ನೇ ಹೇಳುತ್ತಿದ್ದರು. ನಾನು ಬರೆದ ಅಂಕಿಯು ನಿಜಕ್ಕೆ ಸರಿಯಾಗಿಯೇ ಇದ್ದರೆ ಅದು ಸುಳ್ಳು ಹೇಗಾದೀತು?”

ಇದು ಯೋಚಿಸತಕ್ಕ ಪ್ರಶ್ನೆ. ಒಂದು ಮನೆಯಲ್ಲಿ ನಿಜವಾಗಿ ಕಳವಾಯಿತೆಂದು ತಿಳಿಯೋಣ. ಕಳ್ಳನು ಇಂಥವನೇ ಎಂಬದೂ ನಿಜವೆಂದು ತಿಳಿಯೋಣ. ಆ ರಾತ್ರಿ ಊರಲ್ಲಿಯೇ ಇರದ ಒಬ್ಬನು ನ್ಯಾಯಾಧಿಪತಿಯ ಮುಂದೆ ನಿಂತು, “ಅವನು ಗೋಡೆ ಹಾರಿದ್ದನ್ನು ನಾನು ಕಂಡೆನು” ಎಂದರೆ ಅವನು ಸತ್ಯವಂತನಾಗುವನೋ? ಕಳ್ಳನು ಗೋಡೆ ಹಾರಿದ್ದು ನಿಜ. ಇವನು ಕಂಡದ್ದು ಸುಳ್ಳು. ಇಂಥಾ ಸಾಕ್ಷಿಯು ಬೈಲಿಗೆ ಬಿದ್ದ ದಿವಸ ಕಳ್ಳನು ಬಿಡುಗಡೆಯಾಗಿ ಹೋಗುವ ಭಯವೂ ಉಂಟು. ಯಾಕಂದರೆ ನಿಜವಾಗಿ ಕಂಡವರ ಮಾತನ್ನೂ ಜನರು ಸಂಶಯಿಸಲಾರಂಭಿಸುತ್ತಾರೆ. ಹಾಗೆಯೇ ಕೇಳದೆ ಬರೆದ ಉತ್ತರದ ಸುಳ್ಳು ಅಂಕಿಯಲ್ಲಿರಬೇಕೆಂದಿಲ್ಲ; “ಕೇಳಿದೆನು” ಎಂಬ ಮಾತಿನಲ್ಲಿಯೇ ಅದು ಇದೆ. ಊಹೆಯು ಸರಿಯಾದರೆ ಅದು ಸರಿಯಾದ ಊಹೆಯೇ ಹೊರತು ಸಾಕ್ಷಿಯಾಗುವದಿಲ್ಲ. ಊಹೆಯನ್ನು ಊಹೆಯೆಂದು ಹೇಳಿದರೆ ಯಾರೂ ತಪ್ಪೆಣಿಸರು.

ಮೇಲಾದರೂ ಊಹೆಯು ಸರಿಯಾಗಿರುವದೆಂಬ ಧೈರ್ಯವು ನಮಗೆ ಎಲ್ಲಿಂದ ಬಂತು? ಕೆಲವು ವಾರಗಳಾದ ಮೇಲೆ ತಮ್ಮನ ಸಂಗಡ ಫೋನಿನಲ್ಲಿ ಮಾತಾಡುವಾಗ ಈ ಹಪ್ಪಳದ ಸಂಗತಿಯನ್ನು ನಗೆಮಾತಾಗಿ ಹೇಳಿದೆವು. ಆತನು ನಗಲಿಲ್ಲ. “ಅಣ್ಣಾ, ನಾನು ಹಲಸು ಬಿಟ್ಟು ಹದಿನೈದು ವರುಷವಾಯಿತು. ಹಪ್ಪಳ ತಿಂದರೂ ಹೊಟ್ಟೆ ಕೆಡುತ್ತದೆ. ಮನೆಗೆ ಬಂದಾಗ ಅತ್ತಿಗೆಗೆ ಬೇಸರವಾದೀತೆಂದು ಬದಿಗಿಡುತ್ತಿದ್ದೆನು” ಅಂದನು. ಒಂದೇ ತಾಯಿಯ ಮಕ್ಕಳು, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. ಆದಾಗ್ಯೂ ತಮ್ಮನ ಬಾಯಿಗೆ ಹಾಕಿದ ಒಂದು ಮಾತು ಪೂರಾ ಸುಳ್ಳಾಯಿತು. ಒಡಹುಟ್ಟಿದವನ ನಾಲಿಗೆಯ ರುಚಿಯನ್ನು ತಿಳಿಯದ ನಾವು ಪೇಟೆಯ ಮೂವತ್ತೆಂಟು ಮಂದಿಯ ಮನಸ್ಸನ್ನು ಜಗಲಿಯಲ್ಲಿ ಕೂತು ಬಲ್ಲೆವೋ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದರು. ನಾವು ಕಾಣುವದಕ್ಕೂ ಹೋಗಲಿಲ್ಲ.

ಎರಡನೆಯ ಆಕ್ಷೇಪವೇನಂದರೆ: “ಇದರಿಂದ ಯಾರಿಗೆ ನಷ್ಟ? ವರದಿಯು ಕಪಾಟಿಗೆ ಸೇರುತ್ತದೆ, ಗೆದ್ದಲು ತಿನ್ನುತ್ತದೆ.” ಇದಕ್ಕೆ ನಾವು ಮೂರು ಮಾತುಗಳಲ್ಲಿ ಉತ್ತರಿಸುತ್ತೇವೆ.

ಒಂದು, ಯಾರ ಹೆಸರಿನಲ್ಲಿ ಬರೆದೆವೋ ಅವರಿಗೆ ಅನ್ಯಾಯ. ಒಬ್ಬನ ಹಣವನ್ನು ಕದಿಯುವವನು ಅವನ ಚೀಲದಿಂದ ತೆಗೆಯುತ್ತಾನೆ. ಒಬ್ಬನ ಉತ್ತರವನ್ನು ತಾನೇ ಬರೆಯುವವನು ಅವನ ಬಾಯಿಂದ ತೆಗೆಯುತ್ತಾನೆ. ಬಡವರೂ ಹೆಂಗಸರೂ ಓದುಬಾರದವರೂ ತಮ್ಮ ಅಭಿಪ್ರಾಯವನ್ನು ಹೇಳುವ ಸಂದರ್ಭವೇ ಕಡಿಮೆ. ಒಂದು ಹುಡುಗಿಯು ಪುಸ್ತಕ ಹಿಡಿದು ಬಂದು, “ಅಮ್ಮಾ, ನಿಮಗೇನನಿಸುತ್ತದೆ?” ಎಂದು ಕೇಳುವದು ಅಂಥವರಿಗೆ ದೊರೆಯುವ ಚಿಕ್ಕ ಮರ್ಯಾದೆ. ಅವರನ್ನು ಬಿಟ್ಟು ಅವರ ಪರವಾಗಿ ಬರೆಯುವಾಗ, ನಿಮ್ಮ ಮಾತು ನನಗೆ ಬೇಡ, ನಿಮ್ಮ ಸಂಖ್ಯೆ ಮಾತ್ರ ಸಾಕು ಎಂದಂತಾಗುತ್ತದೆ.

ಎರಡು, ಆ ಬರಹವನ್ನು ನಂಬುವವರಿಗೆ ನಷ್ಟ. ಕಾಗದವು ನಾವಿಟ್ಟಲ್ಲಿ ನಿಲ್ಲುವ ವಸ್ತುವಲ್ಲ. ಡಚ್ಚರ ದೇಶದಲ್ಲಿ ಟಿಲ್ಬರ್ಗ್ ವಿಶ್ವವಿದ್ಯಾಲಯದ ಡೀಡ್ರಿಕ್ ಸ್ಟಾಪೆಲ್ ಎಂಬ ಹೆಸರುವಾಸಿಯಾದ ಮನಶ್ಶಾಸ್ತ್ರದ ಅಧ್ಯಾಪಕನು ಶಾಲೆಗಳಿಗೆ ಹೋಗಿ ಪ್ರಶ್ನಾವಳಿಗಳನ್ನು ತುಂಬಿಸಿ ತಂದೆನೆಂದು ಹೇಳಿ, ಅಂಕಿಗಳನ್ನು ತಾನೇ ಕೂತು ಬರೆಯುತ್ತಿದ್ದನು. ಅವನ ಕೆಳಗೆ ಕೆಲಸ ಮಾಡುತ್ತಿದ್ದ ಎಳೆಯ ಸಂಶೋಧಕರು ಮೂವರು ಸಂಶಯಪಟ್ಟು ತಿಳಿಸಿದ್ದರಿಂದ ೨೦೧೧ರಲ್ಲಿ ಇದು ಬೈಲಾಯಿತು. ಅವನ ೫೮ ಲೇಖನಗಳನ್ನು ಪತ್ರಿಕೆಗಳು ಹಿಂದೆಗೆದುಕೊಳ್ಳಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ದುಃಖಕರವಾದದ್ದೇನಂದರೆ, ಗುರುವನ್ನು ನಂಬಿ ಅವನು ಕೊಟ್ಟ ಅಂಕಿಗಳ ಮೇಲೆ ತಮ್ಮ ಪ್ರಬಂಧಗಳನ್ನು ಕಟ್ಟಿದ ಶಿಷ್ಯರು ತಾವು ಮಾಡದ ತಪ್ಪಿಗಾಗಿ ನಾಚಿಕೆಯನ್ನು ಅನುಭವಿಸಬೇಕಾಯಿತು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ವಿಚಿತ್ರ. ಅರ್ಜಿಯ ಕೊನೆಯಲ್ಲಿ ರುಜು ಹಾಕಿಸುವದಕ್ಕಿಂತ ಮೊದಲಲ್ಲಿಯೇ ರುಜು ಹಾಕಿಸಿದರೆ ಜನರು ಹೆಚ್ಚು ಪ್ರಾಮಾಣಿಕರಾಗಿ ಬರೆಯುವರೆಂದು ತೋರಿಸುವ ಒಂದು ಲೇಖನವು ೨೦೧೨ರಲ್ಲಿ ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ವಿಮೆ ಮಾಡಿಸಿದವರು ತಮ್ಮ ಕಾರುಗಳು ಎಷ್ಟು ಮೈಲಿ ಓಡಿವೆಯೆಂದು ತಿಳಿಸಿದ ಲೆಕ್ಕವು ಅದರಲ್ಲಿತ್ತು. ೨೦೨೧ರಲ್ಲಿ ಬೇರೆ ಸಂಶೋಧಕರು ಆ ಲೆಕ್ಕವನ್ನು ಬಿಚ್ಚಿ ನೋಡಿದರು. ಸ್ವಲ್ಪ ಓಡಿಸಿದವರು ಎಷ್ಟು ಮಂದಿಯೋ ಬಹಳ ಓಡಿಸಿದವರೂ ಅಷ್ಟೇ ಮಂದಿ. ೫೦ ಸಾವಿರ ಮೈಲಿ ದಾಟಿದವರು ಯಾರೂ ಇಲ್ಲ. ಅಷ್ಟೇ ಅಲ್ಲ, ಮನುಷ್ಯರು ತಾವಾಗಿ ಬರೆಯುವಾಗ ಸಾವಿರಕ್ಕೋ ನೂರಕ್ಕೋ ಸರಿಮಾಡಿ ಬರೆಯುವದು ರೂಢಿ, ಈ ಅಂಕಿಗಳಲ್ಲಿ ಆ ಗುರುತೇ ಇರಲಿಲ್ಲ. ಲೆಕ್ಕವು ಕೃತ್ರಿಮವೆಂದು ಸ್ಪಷ್ಟವಾಗಿ ಅದೇ ವರುಷ ಲೇಖನವನ್ನು ಹಿಂದೆಗೆದರು. ಪ್ರಾಮಾಣಿಕತೆಯ ವಿಷಯವಾದ ಬರಹದೊಳಗೇ ಅಪ್ರಾಮಾಣಿಕವಾದ ಅಂಕಿಗಳು ಒಂಬತ್ತು ವರುಷ ಅಡಗಿದ್ದವು!

ಇದರಿಂದ ನಾವು ತಿಳಿಯತಕ್ಕದ್ದೊಂದುಂಟು. ನಿಜವಾದ ಮನುಷ್ಯರ ಉತ್ತರಗಳು ಒರಟಾಗಿರುತ್ತವೆ. ಒಬ್ಬನು ಪ್ರಶ್ನೆಯನ್ನು ಬಿಟ್ಟುಬಿಡುತ್ತಾನೆ, ಒಬ್ಬಳು ಎರಡಕ್ಕೂ ಗುರುತು ಹಾಕುತ್ತಾಳೆ, ಇನ್ನೊಬ್ಬನು ಅಂಚಿನಲ್ಲಿ ಬೇರೇನನ್ನೋ ಬರೆಯುತ್ತಾನೆ. ನಮ್ಮ ಜಗಲಿಯಲ್ಲಿ ತುಂಬಿದ ಹಾಳೆಗಳಲ್ಲಿ ಒಂದೂ ಖಾಲಿ ಜಾಗವಿರಲಿಲ್ಲ. ಹಪ್ಪಳ ಬೇಡವೆಂದವನು ಒಬ್ಬನೂ ಇರಲಿಲ್ಲ.

ಮೂರು, ಬರೆದವನಿಗೇ ನಷ್ಟ. ಕೇಳುವದಂದರೇನು? ನಾನು ನೆನಸಿದ್ದು ತಪ್ಪಾಗಿರಬಹುದೆಂದು ಒಪ್ಪಿಕೊಂಡು ಇನ್ನೊಬ್ಬನ ಬಾಗಿಲಲ್ಲಿ ನಿಲ್ಲುವದೇ ಕೇಳುವದು. ಇದರಲ್ಲಿ ವಿನಯವುಂಟು, ಸ್ವಲ್ಪ ಅವಮಾನವೂ ಉಂಟು. ತಾನೇ ಪ್ರಶ್ನೆ ಬರೆದು ತಾನೇ ಉತ್ತರಿಸುವವನಿಗೆ ಎದುರು ಹೇಳುವವರಿಲ್ಲ. ಅವನು ಕನ್ನಡಿಯ ಸಂಗಡ ಮಾತಾಡಿ, ಊರೆಲ್ಲಾ ನನ್ನ ಮಾತಿಗೆ ಒಪ್ಪಿತು ಎನ್ನುವವನಂತೆ ಇದ್ದಾನೆ. ಹದಿನೇಳನೆಯ ವಯಸ್ಸಿನಲ್ಲಿ ಇದು ರೂಢಿಯಾದರೆ ನಾಲ್ವತ್ತನೆಯ ವಯಸ್ಸಿನಲ್ಲಿ ಸಂಘದ ಲೆಕ್ಕ, ಪಂಚಾಯತಿಯ ಪಟ್ಟಿ, ರೋಗಿಗಳ ದಾಖಲೆ ಇವೆಲ್ಲವೂ ಜಗಲಿಯಲ್ಲಿಯೇ ತುಂಬಿಹೋದಾವು.

ಪೂರಾ ಕಟ್ಟಿ ಬರೆಯುವದೊಂದೇ ತಪ್ಪೆಂದು ತಿಳಿಯಬೇಡಿರಿ. ಅದಕ್ಕೆ ನಾಲ್ಕು ಮಂದಿ ಚಿಕ್ಕ ತಮ್ಮಂದಿರಿದ್ದಾರೆ. ಮೊದಲನೆಯವನು, ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆ: “ನಮ್ಮ ಹೆಂಗಸರು ಕಷ್ಟಪಟ್ಟು ಮಾಡಿದ ರುಚಿಯಾದ ಹಪ್ಪಳವು ನಿಮಗೂ ಇಷ್ಟವಲ್ಲವೋ?” ಎಂದು ಕೇಳಿದರೆ ಇಲ್ಲವೆನ್ನುವ ಕಠಿಣ ಹೃದಯದವರು ಯಾರು? ಎರಡನೆಯವನು, ಬೇಡವಾದ ಉತ್ತರಗಳನ್ನು ಮೆಲ್ಲಗೆ ಬದಿಗಿಡುವದು. ಮೂರನೆಯವನು, ಗಿರಾಕಿಯ ವೇಷದಿಂದ ಒಬ್ಬನ ಅಂಗಡಿಗೆ ಹೋಗಿ ಅವನ ಕ್ರಯವನ್ನೂ ಲಾಭವನ್ನೂ ತಿಳಿದು ಬಂದು ಅವನ ಅಪ್ಪಣೆಯಿಲ್ಲದೆ ಬರೆಯುವದು. ಹೆಸರು ಹೇಳುವದಿಲ್ಲವೆಂದು ಮಾತುಕೊಟ್ಟು ವರದಿಯಲ್ಲಿ ಹೆಸರು ಹಾಕುವದೂ ಇದೇ ಜಾತಿಯದು.

ನಾಲ್ಕನೆಯವನು ಬಹಳ ಸಭ್ಯನಾಗಿ ಕಾಣುವದರಿಂದ ಅವನ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಅದು ಸುಲಭವಾಗಿ ಸಿಕ್ಕುವವರನ್ನು ಮಾತ್ರ ಕೇಳಿ, ಎಲ್ಲರನ್ನೂ ಕೇಳಿದಂತೆ ಬರೆಯುವದು. ೧೯೩೬ರಲ್ಲಿ ಅಮೇರಿಕದ ಅಧ್ಯಕ್ಷರ ಚುನಾವಣೆಯ ಮುಂಚೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಕಾಗದಗಳನ್ನು ಕಳುಹಿಸಿತು. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಉತ್ತರಗಳು ಬಂದವು. ಅವುಗಳನ್ನು ಎಣಿಸಿ ಲ್ಯಾಂಡನ್ ಎಂಬವರು ಗೆಲ್ಲುವರೆಂದು ಸಾರಿತು. ಚುನಾವಣೆಯಲ್ಲಿಯಾದರೋ ರೂಸ್‌ವೆಲ್ಟರು ೪೮ ರಾಜ್ಯಗಳೊಳಗೆ ೪೬ನ್ನು ಗೆದ್ದರು. ಹೆಸರುಗಳನ್ನು ದೂರವಾಣಿಯ ಪಟ್ಟಿ, ಕಾರುಗಳ ಪಟ್ಟಿ ಮುಂತಾದವುಗಳಿಂದ ತೆಗೆದಿದ್ದರು. ಆ ಕಷ್ಟಕಾಲದಲ್ಲಿ ಬಡವರಿಗೆ ಇವೆರಡೂ ಅಪರೂಪ. ಕಾಗದ ಮುಟ್ಟಿದವರಲ್ಲಿಯೂ ಉತ್ತರಿಸುವ ಮನಸ್ಸುಳ್ಳವರು ಮಾತ್ರ ಉತ್ತರಿಸಿದ್ದರು. ಆ ಪತ್ರಿಕೆಯವರು ಸುಳ್ಳುಗಾರರಲ್ಲ, ತಪ್ಪಿದವರು. ಆದರೆ ಈ ಸಂಗತಿಯನ್ನು ತಿಳಿದ ಮೇಲೆಯೂ ಒಬ್ಬನು ತನ್ನ ತರಗತಿಯ ಗೆಳೆಯರನ್ನು ಮಾತ್ರ ಕೇಳಿ “ಪೇಟೆಯ ಜನರ ಅಭಿಪ್ರಾಯ” ಎಂದು ತಲೆಬರಹ ಹಾಕಿದರೆ ಅವನನ್ನು ತಪ್ಪಿದವನೆಂದು ಹೇಳುವದು ಕಷ್ಟ.

ಹಾಗಾದರೆ ಯಥಾರ್ಥವಾಗಿ ಕೇಳಿ ತಂದವರು ಯಾರೂ ಇಲ್ಲವೋ? ಇದ್ದಾರೆ. ಮೂವರನ್ನು ನೆನಪಿಗೆ ತರುತ್ತೇವೆ.

ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬೋಮ್ ರೌನ್‌ಟ್ರೀ ಎಂಬವರು ಕೊಕೊ ಮತ್ತು ಚಾಕೊಲೇಟು ಮಾಡುವ ಮನೆತನದ ವ್ಯಾಪಾರಿ. ತಮ್ಮ ಪಟ್ಟಣದ ಬಡತನ ಎಷ್ಟೆಂದು ತಿಳಿಯುವ ಮನಸ್ಸಾಗಿ ೧೮೯೯ರಲ್ಲಿ ಕೂಲಿಯವರ ಮನೆಮನೆಗೆ ವಿಚಾರಿಸುವವರನ್ನು ಕಳುಹಿಸಿ ೧೧,೫೬೦ ಕುಟುಂಬಗಳ, ೪೬,೭೫೪ ಮಂದಿಯ ಸಂಗತಿಯನ್ನು ಸಂಗ್ರಹಿಸಿದರು. ೧೯೦೧ರಲ್ಲಿ ಅದು ಪುಸ್ತಕವಾಯಿತು. ಪಟ್ಟಣದ ಜನರಲ್ಲಿ ನೂರಕ್ಕೆ ಸುಮಾರು ೨೮ ಮಂದಿ ಬಡತನದಲ್ಲಿದ್ದಾರೆಂದು ಗೊತ್ತಾದಾಗ ಅದು ಧನಿಕರಿಗೆ ಹಿತವಾದ ಸುದ್ದಿಯಾಗಿರಲಿಲ್ಲ. ಸಂಬಳದ ಲೆಕ್ಕವು ನೇರವಾಗಿ ಸಿಕ್ಕದಲ್ಲಿ ಹೇಗೆ ಅಂದಾಜು ಮಾಡಿದೆನೆಂಬದನ್ನೂ ಅವರು ಮುಚ್ಚಿಡದೆ ತಿಳಿಸಿದರು. ಅಂದಾಜು ಮಾಡುವದು ಅಪರಾಧವಲ್ಲ, ಅದನ್ನು ಕಂಡದ್ದರೊಳಗೆ ಬೆರಸುವದೇ ಅಪರಾಧ ಎಂಬದಕ್ಕೆ ಇದು ದೃಷ್ಟಾಂತ.

ಎರಡನೆಯವರು ನಮ್ಮ ದೇಶದ ಪ್ರಶಾಂತಚಂದ್ರ ಮಹಾಲನೋಬಿಸ್. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದವರು. ೧೯೩೭ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಕೆಲಸವನ್ನು ಕೈಕೊಂಡರು. ಎಲ್ಲಾ ಹೊಲಗಳನ್ನು ಅಳೆಯಿಸದೆ, ಆರಿಸಿದ ಕೆಲವನ್ನು ಜಾಗ್ರತೆಯಿಂದ ಅಳೆಯಿಸುವದು ಅವರ ಕ್ರಮ. ಒಂದೇ ಸೀಮೆಗೆ ಎರಡು ತಂಡಗಳನ್ನು ಕಳುಹಿಸಿ, ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದಂತೆ ಬೇರೆ ಬೇರೆ ಮಾದರಿಗಳನ್ನು ತರಿಸಿ ಕೊನೆಗೆ ಎರಡನ್ನೂ ಹೋಲಿಸಿ ನೋಡುವ ಏರ್ಪಾಡನ್ನು ಅವರು ಮಾಡಿದರು. ಮನೆಯಲ್ಲಿ ಕೂತು ಬರೆದ ಲೆಕ್ಕಗಳೆರಡು ಒಂದಕ್ಕೊಂದು ಹೊಂದುವದು ಕಷ್ಟವಷ್ಟೆ. ಹೀಗೆ ಪರೀಕ್ಷಿಸುವದು ಕೆಲಸದವರ ಮೇಲಣ ಅಪನಂಬಿಕೆಯಲ್ಲ; ಶೋಧನೆಯು ಬರುವದೆಂದು ತಿಳಿದು ಅದರ ದಾರಿಗೆ ಬೇಲಿ ಹಾಕುವದು. ಅವರ ಸಣ್ಣ ಮಾದರಿಯ ಮಾರ್ಗದಿಂದಲೇ ೧೯೫೦ರಲ್ಲಿ ಇಡೀ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಪ್ರಾರಂಭವಾಯಿತು.

ಮೂರನೆಯವರು ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು. ೧೯೪೮ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹಲವು ತಿಂಗಳು ವಾಸಮಾಡಿ ಅಲ್ಲಿಯ ಜನಜೀವನವನ್ನು ಬರೆದಿಟ್ಟುಕೊಂಡರು. ಆ ಟಿಪ್ಪಣಿಗಳನ್ನು ವರುಷಗಟ್ಟಲೆ ಶ್ರಮಪಟ್ಟು ಕ್ರಮಕ್ಕೆ ತಂದಿದ್ದರು. ೧೯೭೦ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಕೆಲಸಮಾಡುತ್ತಿದ್ದ ಕಟ್ಟಡಕ್ಕೆ ದುಷ್ಟರು ಬೆಂಕಿಯಿಟ್ಟಾಗ ಹಾಗೆ ಸಿದ್ಧಮಾಡಿದ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ಕುಗ್ಗಿಹೋಗದೆ ನೆನಪಿನಿಂದಲೇ ಪುಸ್ತಕ ಬರೆದರು. ೧೯೭೬ರಲ್ಲಿ ಅದು ದಿ ರಿಮೆಂಬರ್ಡ್ ವಿಲೇಜ್, ಅಂದರೆ ನೆನಪಿನಲ್ಲಿ ಉಳಿದ ಹಳ್ಳಿ, ಎಂಬ ಹೆಸರಿನಿಂದ ಹೊರಟಿತು. ನೋಡಿರಿ, ಹೆಸರಿನಲ್ಲಿಯೇ ಸತ್ಯವನ್ನು ಹೇಳಿಬಿಟ್ಟರು. ಇದು ಟಿಪ್ಪಣಿಗಳಿಂದ ಬಂದದ್ದಲ್ಲ, ನೆನಪಿನಿಂದ ಬಂದದ್ದು ಎಂದು ಓದುವವನಿಗೆ ಬಾಗಿಲಲ್ಲಿಯೇ ತಿಳಿಸಿ ಒಳಗೆ ಕರೆದರು. ಹಳ್ಳಿಯ ಹೆಸರನ್ನು ರಾಂಪುರವೆಂದು ಬದಲಿಸಿದ್ದರು. ಅದು ಅಲ್ಲಿಯ ಜನರ ಮಾನವನ್ನು ಕಾಪಾಡುವ ಕ್ರಮ. ಪುಸ್ತಕವು ಇದರಿಂದ ಕೀಳಾಯಿತೋ? ಇಲ್ಲ, ಇಂದಿನ ವರೆಗೂ ಪಂಡಿತರು ಅದನ್ನು ಗೌರವದಿಂದ ಓದುತ್ತಾರೆ.

ಹೀಗಿರುವದರಿಂದ ವಿದ್ಯಾರ್ಥಿಗಳಿಗೆ ನಾವು ಹೇಳುವದು ಇಷ್ಟೇ. ನೀವು ಕೇಳಿದ್ದು ಹನ್ನೆರಡು ಮಂದಿಯನ್ನಾದರೆ ಹನ್ನೆರಡೆಂದು ಬರೆಯಿರಿ. ಕೇಳಿದ ದಿವಸ, ಸ್ಥಳ ತಿಳಿಸಿರಿ. ಯಾಕೆ ಕೇಳುತ್ತೀರೆಂಬದನ್ನು ಮೊದಲು ಹೇಳಿ ಅಪ್ಪಣೆ ಪಡೆಯಿರಿ. ಒಲ್ಲೆನೆಂದವರು ಎಷ್ಟು ಮಂದಿಯೆಂಬದನ್ನೂ ಲೆಕ್ಕದಲ್ಲಿ ಸೇರಿಸಿರಿ. ಖಾಲಿ ಬಿಟ್ಟದ್ದು ಖಾಲಿಯಾಗಿಯೇ ಇರಲಿ. ಕೊಟ್ಟ ಹೊತ್ತು ಸಾಲದಿದ್ದರೆ ಅಧ್ಯಾಪಕರ ಮುಂದೆ ನಿಂತು ಸಾಲದೆಂದು ಹೇಳಿರಿ. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎಂಬ ಗಾದೆಯು ಇಂಥಾ ಕೆಲಸಕ್ಕೇ ಹುಟ್ಟಿದಂತಿದೆ.

ಅಧ್ಯಾಪಕರಿಗೂ ಹೆತ್ತವರಿಗೂ ಒಂದು ಮಾತು. ಐವತ್ತೆಂಬ ಸಂಖ್ಯೆಯನ್ನು ಕಟ್ಟುನಿಟ್ಟಾಗಿ ಕೇಳಿ, ಅದು ಎಲ್ಲಿಂದ ಬಂತೆಂದು ಒಮ್ಮೆಯೂ ವಿಚಾರಿಸದೆ, ಬಣ್ಣದ ಚಿತ್ರಕ್ಕೆ ಅಂಕ ಕೊಡುವದಾದರೆ ನಾವೇ ಮಕ್ಕಳಿಗೆ ಸುಳ್ಳನ್ನು ಪಾಠವಾಗಿ ಕಲಿಸಿದಂತಾಯಿತು. ಅದರ ಬದಲು, “ನೀನು ನೆನಸದೆ ಇದ್ದ ಉತ್ತರ ಯಾವದು? ಅದನ್ನು ಯಾರು ಹೇಳಿದರು?” ಎಂದು ಒಂದೇ ಪ್ರಶ್ನೆ ಕೇಳಿರಿ. ನಿಜವಾಗಿ ಹೋಗಿ ಬಂದ ಮಗುವಿನ ಮುಖ ಅರಳುವದು; ಹೋಗದ ಮಗು ತಲೆ ತಗ್ಗಿಸುವದು. ಮಕ್ಕಳ ಹೊರೆ ಹಗುರವಾಗಲೆಂದು ಪ್ರೀತಿಯಿಂದ ಹಾಳೆ ತುಂಬಿಸಿಕೊಡುವ ಹಿರಿಯರು ಅವರ ಹೆಗಲ ಮೇಲೆ ಬೇರೆ ಹೊರೆಯನ್ನು ಇಡುತ್ತಾರೆ. ಇದನ್ನು ನಾವು ಅನುಭವದಿಂದ ಹೇಳುತ್ತೇವೆ.

ಆ ಹುಡುಗಿಯ ಕಥೆ ಇನ್ನೂ ಮುಗಿಯಲಿಲ್ಲ. ಮಗಳ ವರದಿಯನ್ನು ತಾಯಿ ಹೆಮ್ಮೆಯಿಂದ ಸಂಘಕ್ಕೆ ತೆಗೆದುಕೊಂಡು ಹೋಗಿ ತೋರಿಸಿದಳು. ಐವತ್ತರಲ್ಲಿ ನಾಲ್ವತ್ತಮೂರು! ಹೆಂಗಸರು ಆ ಅಂಕಿಯನ್ನು ನೋಡಿ, ಹಲಸಿನ ಕಾಯಿ ಬರುವ ಮೊದಲೇ ಸಾಲ ತೆಗೆದು, ಹಪ್ಪಳ ಒತ್ತುವ ಯಂತ್ರವನ್ನೂ ಕಟ್ಟುವ ಸಾಮಾನನ್ನೂ ತರಿಸುವ ಎಂದು ಮಾತಾಡತೊಡಗಿದರು. ಆ ದಿನ ಸಾಯಂಕಾಲ ಹುಡುಗಿಯು ಪುನಃ ನಮ್ಮ ಜಗಲಿಗೆ ಬಂದಳು. ಈ ಸಾರಿ ಕೈಯಲ್ಲಿ ಹಾಳೆಗಳಿರಲಿಲ್ಲ. “ಮಾಮಾ, ಅವರು ಸಾಲ ತೆಗೆಯುತ್ತಾರಂತೆ” ಎಂದಳು; ಮುಂದೆ ಮಾತು ಹೊರಡಲಿಲ್ಲ. ನಮಗೂ ಹೊರಡಲಿಲ್ಲ, ಯಾಕಂದರೆ ಆ ನಾಲ್ವತ್ತಮೂರರಲ್ಲಿ ಒಂದು ನಮ್ಮ ಕೈಬರಹವು.

ಮುಂದಿನ ಕೂಟಕ್ಕೆ ನಾವೂ ಅವಳೊಂದಿಗೆ ಹೋದೆವು. ಅವಳು ಹಾಳೆಗಳನ್ನು ಎರಡು ಕಟ್ಟಾಗಿ ಚಾಪೆಯ ಮೇಲೆ ಇಟ್ಟಳು. ಹನ್ನೆರಡು ಒಂದು ಕಡೆ, ಮೂವತ್ತೆಂಟು ಇನ್ನೊಂದು ಕಡೆ. ನಡೆದದ್ದನ್ನು ಹೇಳಿದಳು. ತಮ್ಮನ ಹೆಸರಿನ ಹಾಳೆಯನ್ನು ಎತ್ತಿ ಇದು ನಮ್ಮದೆಂದು ನಾವೂ ಹೇಳಿದೆವು. ತಾಯಿ ನೆಲ ನೋಡುತ್ತಾ ಕೂತಿದ್ದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಓದುಬಾರದ ಒಬ್ಬ ಮುದುಕಿಯು ಚಿಕ್ಕ ಕಟ್ಟಿನ ಕಡೆಗೆ ಕೈ ತೋರಿಸಿ, “ಆ ಹನ್ನೆರಡು ಮಂದಿ ಏನೆಂದರು, ಮಗಾ? ಅದನ್ನು ಓದು” ಅಂದಳು.

ಹುಡುಗಿ ಓದಿದಳು. ಐವರು ಕೊಳ್ಳುವೆವೆಂದಿದ್ದರು, ಏಳು ಮಂದಿ ಬೇಡವೆಂದಿದ್ದರು. ಬೇಡವೆಂದವರಲ್ಲಿ ಹೆಚ್ಚಿನವರು, ಊರಿನಿಂದ ನೆಂಟರು ಹಪ್ಪಳ ತಂದುಕೊಡುತ್ತ�ಾರೆ, ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಎಂದಿದ್ದರು. ಕೊಳ್ಳುವೆನೆಂದವರಲ್ಲಿ ಒಬ್ಬಳು ಬಾಡಿಗೆಯ ಕೋಣೆಯಲ್ಲಿರುವ ದಾದಿ. ದೊಡ್ಡ ಕಟ್ಟು ಇಡಲು ಸ್ಥಳವಿಲ್ಲ, ಹತ್ತೇ ಹಪ್ಪಳದ ಚಿಕ್ಕ ಕಟ್ಟು ಮಾಡಿರಿ ಎಂದು ಅಂಚಿನಲ್ಲಿ ಬರೆದಿದ್ದಳು. ಮೂವತ್ತೆಂಟು ಹಾಳೆಗಳಲ್ಲಿ ಒಂದರಲ್ಲಿಯೂ ಇಂಥಾ ಮಾತಿರಲಿಲ್ಲ. ನಮ್ಮ ಜಗಲಿಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಸಾಲದ ಮಾತನ್ನು ಹೆಂಗಸರು ಮುಂದಕ್ಕೆ ಹಾಕಿದರು. ಆ ವರುಷ ಕೈಯಿಂದಲೇ ಸ್ವಲ್ಪ ಮಾಡಿ, ಚಿಕ್ಕ ಕಟ್ಟುಗಳಾಗಿ ಮಾರಿ ನೋಡುವದೆಂದು ನಿಶ್ಚಯಿಸಿದರು. ಹುಡುಗಿಯು ತನ್ನ ಅಧ್ಯಾಪಕರಿಗೂ ಸಂಗತಿಯನ್ನು ಹೇಳಿದಳು. ಎಷ್ಟು ಅಂಕ ಕಳೆದರೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಬೇಸಗೆಯ ರಜೆಯಲ್ಲಿ ಅವಳು ಪುಸ್ತಕ ಹಿಡಿದು ಪೇಟೆಗೆ ಹೋಗುವದನ್ನು ಎರಡು ಮೂರು ಸಾರಿ ಕಂಡೆವು.

ಪ್ರಿಯರೇ, ನಿಮ್ಮ ಮನೆಯ ಮಗುವು ಒಂದು ರಾತ್ರಿ ಹಾಳೆಗಳ ಕಟ್ಟು ಹಿಡಿದು ನಿಮ್ಮ ಬಳಿಗೆ ಬಂದೀತು. ಆಗ ಒಂದು ಹಾಳೆಯನ್ನು ನಿಮ್ಮ ಹೆಸರಿನಲ್ಲಿ ನಿಜವಾಗಿ ತುಂಬಿಸಿ ಕೊಡಿರಿ. ಎರಡನೆಯದನ್ನು ಕೊಟ್ಟರೆ ನಗಬೇಡಿರಿ, ಗದರಲೂ ಬೇಡಿರಿ. ಚಪ್ಪಲಿ ಮೆಟ್ಟಿ, ಮಗುವಿನ ಕೈ ಹಿಡಿದು ನೆರೆಮನೆಯ ಬಾಗಿಲಿಗೆ ನಡೆಯಿರಿ.